ಎಪ್ಪತ್ತು ಗ್ರಾಂ ಹೆಚ್ಚು ತೂಗಿದ ಖಡ್ಗ

ತೂಕ ಎಪ್ಪತ್ತು ಗ್ರಾಂ ಹೆಚ್ಚಾಗಿತ್ತು.

ವಿಷ್ಣುಮೂರ್ತಿ ಉಪಾಧ್ಯರು ಖಡ್ಗವನ್ನು ತಕ್ಕಡಿಯಿಂದ ಎತ್ತಿದರು. ಅಂಕೆ ಸೊನ್ನೆಗೆ ಇಳಿದುದನ್ನು ಖಚಿತಪಡಿಸಿಕೊಂಡು ಮತ್ತೆ ಇಟ್ಟರು. ಸಾವಿರದ ಎರಡು. ಎರಡು ವರ್ಷಗಳ ಹಿಂದೆ ಇದೇ ಮೇಜಿನ ಮೇಲೆ, ಇದೇ ತಕ್ಕಡಿಯಲ್ಲಿ ಅವರೇ ತೂಗಿ ಪುಸ್ತಕದಲ್ಲಿ ಬರೆದುಕೊಂಡದ್ದು ಒಂಬೈನೂರ ಮೂವತ್ತೆರಡು.

"ಏನಾತ್ರಿ?" ಎಂದು ಕೇಳಿದ ಇನ್‌ಸ್ಪೆಕ್ಟರ್ ಗುರುನಾಥ ಬಿರಾಜದಾರ. ಅಕ್ಕಲಕೋಟೆಯ ಕಡೆಯವನು, ಮರಾಠಿಯಲ್ಲಿ ಬರೆದು ಕನ್ನಡದಲ್ಲಿ ಗದರಿಸುವುದು ಅವನ ಪದ್ಧತಿ.

"ಕಬ್ಬಿಣವನ್ನು ತುಕ್ಕು ತಿನ್ನುತ್ತದೆ, ಸಾಣೆ ತಿನ್ನುತ್ತದೆ. ಎರಡು ವರ್ಷದಲ್ಲಿ ಅದು ಮೈ ತುಂಬಿಕೊಂಡದ್ದನ್ನು ನಾನು ಈವರೆಗೆ ಕಂಡಿಲ್ಲ."

"ಅಂದ್ರ?"

"ಅಳತೆ ಮುಗಿಯಲಿ."

ಈ ಖಡ್ಗದಿಂದಲೇ ಮಹಾನವಮಿಯ ಸಂಜೆ, ಡೊಂಬಿವಲಿ ಪೂರ್ವದ ಉದಯವಿಲಾಸ ಹೋಟೆಲಿನ ಮಾಳಿಗೆಯ ಈ ಕೋಣೆಯಲ್ಲಿ, ಹಳೆಯ ಖಡ್ಗ ಕೂಡಿಹಾಕುವ ಹುಚ್ಚಿದ್ದ ಮಾಲೀಕ ದೇಜಪ್ಪ ಶೆಟ್ಟಿಯ ಕುತ್ತಿಗೆಯನ್ನು ಕಡಿಯಲಾಗಿತ್ತು. ಪ್ರತಿ ವರ್ಷ ಆಯುಧಪೂಜೆಗೆ ಖಡ್ಗಗಳನ್ನು ತಿಕ್ಕಲು ಬರುತ್ತಿದ್ದ ಸಾಣೆಗಾರ ಶಂಕ್ರೆಪ್ಪ ಹನ್ನೆರಡು ದಿನಗಳಿಂದ ಪೊಲೀಸರ ವಶದಲ್ಲಿದ್ದ.

ಈಗ ಅವನು ಕೋಣೆಯ ಮೂಲೆಯಲ್ಲಿ, ಕೈಗೆ ಬೇಡಿ ತೊಟ್ಟು, ಗೋಡೆಗೆ ಬೆನ್ನು ತಾಗಿಸದೆ ನಿಂತಿದ್ದ. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಹೋಟೆಲು ಸೂತಕದ ಹದಿನಾಲ್ಕನೆಯ ದಿನಕ್ಕೂ ಕಾಯಲಿಲ್ಲ. ನಾಲ್ಕನೆಯ ದಿನವೇ ಇಡ್ಲಿಯ ಹಬೆ ಏಳತೊಡಗಿತ್ತು. ಸತ್ತವನ ಹೆಂಡತಿ ಉಮಾವತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಸತ್ತವನ ಅಕ್ಕನ ಮಗ ಮಯೂರ್ ಅವಳ ಪಕ್ಕದ ಇನ್ನೊಂದು ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಮೊಬೈಲ್ ನೋಡುತ್ತಿದ್ದ. ಪಕ್ಕದ ಅಂಗಡಿಗಳಿಂದ ಕರೆತಂದ ಇಬ್ಬರು ಪಂಚರು ಬೆಂಚಿನ ಮೇಲೆ ಬೆವರುತ್ತಿದ್ದರು. ಶಂಕ್ರೆಪ್ಪನ ಹೆಂಡತಿ ಮರಗಮ್ಮನನ್ನು ಒಳಗೆ ಬರಗೊಟ್ಟಿರಲಿಲ್ಲ. ಅವಳು ಮೆಟ್ಟಿಲಿನ ಕೊನೆಯ ಹಂತದಲ್ಲಿ ಕುಳಿತು, ಬಾಗಿಲ ಸಂದಿನಿಂದ ಗಂಡನ ಮೊಣಕಾಲಷ್ಟನ್ನೇ ನೋಡುತ್ತಿದ್ದಳು.

ಎಲ್ಲರಿಗೂ ಚಹಾ ಬಂದಿತ್ತು. ಶಂಕ್ರೆಪ್ಪನಿಗೂ ಮರಗಮ್ಮನಿಗೂ ಬರಲಿಲ್ಲ.

ನಾಳೆ ಹನ್ನೊಂದು ಗಂಟೆಗೆ ಕಲ್ಯಾಣದ ಕೋರ್ಟು. ಉಪಾಧ್ಯರು ಇಂದು ಬರೆದುಕೊಡುವ ಒಂದು ಹಾಳೆ ಶಂಕ್ರೆಪ್ಪನನ್ನು ಮನೆಗೆ ಕಳುಹಿಸಬಹುದು, ಇಲ್ಲವೇ ಜೀವಮಾನವಿಡೀ ಒಳಗೆ ಕೂರಿಸಬಹುದು. ಮೂರನೆಯ ದಾರಿ ಇರಲಿಲ್ಲ.

ಉಪಾಧ್ಯರು ತಗಡಿನ ಪೆಟ್ಟಿಗೆ ತೆರೆದು ಮೈಕ್ರೋಮೀಟರ್ ತೆಗೆದರು. ಅದರ ಮೇಲೆ ಕುಂಕುಮದ ಬೊಟ್ಟು ಇನ್ನೂ ಇತ್ತು. ಯಂತ್ರಗಳಿಗೆ ಅಲಗು ತಯಾರಿಸುವ ರಬಾಳೆಯ ಕಾರ್ಖಾನೆಯಲ್ಲಿ ತಪಾಸಣೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಮೇಲೂ, ಐರೋಲಿಯ ಮನೆಯಲ್ಲಿ ಮಗಳು ಪ್ರಣೀತಾ ಪ್ರತಿ ನವಮಿಗೆ ತಂದೆಯ ಹತ್ಯಾರುಗಳನ್ನು ದೇವರ ಮುಂದೆ ಸಾಲಾಗಿ ಇಡುತ್ತಿದ್ದಳು: ಮೈಕ್ರೋಮೀಟರ್, ಭೂತಕನ್ನಡಿ, ಉಕ್ಕಿನ ಅಳತೆಪಟ್ಟಿ, ಮತ್ತು ಪಾಸಾದ ಮಾಲಿಗೆ ಗುರುತು ಒತ್ತುತ್ತಿದ್ದ ಅವರ ಹಳೆಯ ಮುದ್ರೆಯುಳಿ. ಆ ಉಳಿಯನ್ನು ಅವರು ನಿವೃತ್ತಿಯ ದಿನ ಕಾರ್ಖಾನೆಗೆ ಒಪ್ಪಿಸಬೇಕಾಗಿತ್ತು. ಒಪ್ಪಿಸಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ ಗೇಟ್‌ಪಾಸ್ ಇಲ್ಲದೆ ಅವರು ಮನೆಗೆ ತಂದ ವಸ್ತು ಅದೊಂದೇ.

ಅವರು ಖಡ್ಗದ ಬೆನ್ನನ್ನು ಐದು ಕಡೆ ಅಳೆದರು. ಹಿಡಿಯ ಬುಡದಲ್ಲಿ ಐದು ಮಿಲಿಮೀಟರ್. ಮುಂದೆ ಐದು. ನಡುವೆ ಐದು. ಅದರ ಮುಂದೆಯೂ ಐದು. ತುದಿಯ ಹತ್ತಿರ ನಾಲ್ಕು ದಶಾಂಶ ಒಂಬತ್ತು.

ಪುಸ್ತಕದ ಹಳೆಯ ಪುಟದಲ್ಲಿ ಅದೇ ಐದು ಜಾಗಗಳ ಅಳತೆ ಬೇರೆಯೇ ಇತ್ತು: ಐದು ದಶಾಂಶ ಎಂಟು, ಐದು ದಶಾಂಶ ಒಂದು, ನಾಲ್ಕೂವರೆ, ಮೂರು ದಶಾಂಶ ಒಂಬತ್ತು, ಮೂರು.

"ಸುತ್ತಿಗೆಯಲ್ಲಿ ಬಡಿದ ಅಲಗು ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು, ಬಾಳೆಯ ಎಲೆಯ ದಿಂಡಿನ ಹಾಗೆ. ಇದು ಉದ್ದಕ್ಕೂ ಒಂದೇ ದಪ್ಪ. ಕಮ್ಮಾರನ ಕೈಗೆ ಇಷ್ಟು ಶಿಸ್ತು ಇರುವುದಿಲ್ಲ, ಯಂತ್ರಕ್ಕೆ ಇರುತ್ತದೆ. ಸರಾಸರಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ. ಈ ಉದ್ದಕ್ಕೆ, ಈ ಅಗಲಕ್ಕೆ ಗುಣಿಸಿ ನೋಡಿ."

"ನಮಗ ಗುಣಾಕಾರ ಬ್ಯಾಡ್ರಿ, ಉತ್ತರ ಹೇಳ್ರಿ."

"ಎಪ್ಪತ್ತು ಗ್ರಾಂ."

ಲೆಕ್ಕ ಕೂಡಿತ್ತು. ಆದರೆ ಉಪಾಧ್ಯರಿಗೆ ಸಮಾಧಾನವಾಗಲಿಲ್ಲ. ಐದು ಮಿಲಿಮೀಟರ್ ಪಟ್ಟಿ ರಬಾಳೆಯ ಅವರ ಕಾರ್ಖಾನೆಗೂ ಬರುತ್ತಿತ್ತು. ಅಂಥ ಪಟ್ಟಿ ಠಾಣೆಯಿಂದ ಭಿವಂಡಿಯವರೆಗೆ ನೂರು ಕಡೆ ಸಿಗುತ್ತದೆಯೆಂದು ಅವರು ತಮಗೆ ತಾವೇ ಹೇಳಿಕೊಂಡರು.

ಉಳಿದದ್ದು ಅಲೆಗಳ ಪರೀಕ್ಷೆ. ದೇಜಪ್ಪನ ಖಡ್ಗದ ಹೆಮ್ಮೆಯೇ ಆ ಅಲೆಗಳಾಗಿದ್ದವು: ಅಲಗಿನ ಮೈಮೇಲೆ ಮರದ ಎಳೆಯಂತೆ, ಗಾಳಿ ಸವರಿದ ನೀರಿನಂತೆ ಹರಿಯುವ ಕಪ್ಪು ಬಿಳುಪಿನ ರೇಖೆಗಳು. ಮೂಸೆಯಲ್ಲಿ ಕರಗಿಸಿ, ಮೆಲ್ಲಗೆ ಆರಿಸಿ, ಬಡಿದ ಹಳೆಯ ಕಾಲದ ಉಕ್ಕಿನಲ್ಲಿ ಮಾತ್ರ ಅವು ಹುಟ್ಟುತ್ತವೆ. ಈ ಖಡ್ಗದ ಮೇಲೂ ಅಲೆಗಳಿದ್ದವು.

ಉಪಾಧ್ಯರು ನುಣುಪಾದ ಎಮರಿ ಕಾಗದದಿಂದ ಹೆಬ್ಬೆಟ್ಟಿನಗಲದ ಜಾಗವನ್ನು ತಿಕ್ಕಿದರು. ಅಲೆಗಳು ಅಳಿಸಿಹೋದವು.

"ಅಯ್ಯೋ, ಹಾಳು ಮಾಡಿದ್ರಲ್ಲ ಮಾರ್ರೆ!" ಎಂದಳು ಉಮಾವತಿ.

"ಅಸಲಿಯಾದರೆ ಹಾಳಾಗುವುದಿಲ್ಲ. ಅಲೆ ಉಕ್ಕಿನ ಒಳಗೆ ಇದ್ದರೆ, ಎಷ್ಟು ತಿಕ್ಕಿದರೂ ಹುಳಿ ಮುಟ್ಟಿಸಿದ ಕೂಡಲೇ ಮೇಲೆ ಬರುತ್ತದೆ. ಮೇಲೆ ಬರೆದದ್ದಾದರೆ ಹೋದದ್ದು ಹೋದಂತೆ."

ಅವರು ಸೀಸೆಯಿಂದ ಅನ್ನಭೇದಿಯ ನೀರನ್ನು ಹತ್ತಿಗೆ ತಾಗಿಸಿ ಆ ಜಾಗಕ್ಕೆ ಸವರಿದರು. ಕೈಗಡಿಯಾರ ನೋಡಿದರು. ಒಂದು ನಿಮಿಷ. ಮೂರು ನಿಮಿಷ. ಐದು.

ಜಾಗ ಮಂಕಾದ ಬೂದಿಬಣ್ಣಕ್ಕೆ ತಿರುಗಿತು. ಒಂದು ಎಳೆಯೂ ಏಳಲಿಲ್ಲ.

"ಅಲಗು ನಕಲಿ," ಎಂದರು ಉಪಾಧ್ಯರು. "ಹಿಡಿ ಮಾತ್ರ ಹಳೆಯದು. ಬೆಳ್ಳಿಯ ಬಳ್ಳಿ ಅಂಗೈ ತಾಗುವಲ್ಲಿ ಮಾತ್ರ ಸವೆದಿದೆ. ಅದನ್ನು ಯಾರೂ ಒಂದೆರಡು ವರ್ಷದಲ್ಲಿ ಸವೆಸಲಾರರು. ಹಳೆಯ ಹಿಡಿಗೆ ಹೊಸ ಅಲಗು ಕೂರಿಸಿದ್ದಾರೆ. ಅಸಲಿ ಅಲಗು ಎಲ್ಲೋ ಹೋಗಿದೆ."

ಬಿರಾಜದಾರನ ಲೇಖನಿ ನಿಂತಿತು. "ಇದರಿಂದ ನನ್ನ ಕೇಸಿಗೆ ಏನಾಕ್ಕೈತಿ?"

"ನಿಮ್ಮ ವಾದ ಹೀಗಿದೆ: ಶಂಕ್ರೆಪ್ಪ ಖಡ್ಗ ಕದಿಯಲು ಬಂದ, ದೇಜಪ್ಪ ಕಂಡ, ಇವನು ಅದೇ ಖಡ್ಗದಿಂದ ಕಡಿದ. ಹೌದೇ?"

"ಬರೋಬರ್."

"ಆರು ವರ್ಷ ಈ ಖಡ್ಗವನ್ನು ತೊಡೆಯ ಮೇಲಿಟ್ಟು ತಿಕ್ಕಿದವನು ಇವನು. ಎಪ್ಪತ್ತು ಗ್ರಾಂ ವ್ಯತ್ಯಾಸ ನಿಮಗೆ ತಿಳಿಯುವುದಿಲ್ಲ, ಇವನ ಮಣಿಕಟ್ಟಿಗೆ ತಿಳಿಯುತ್ತದೆ. ನಕಲಿಯೆಂದು ಗೊತ್ತಿದ್ದ ಮಾಲಿಗಾಗಿ ಯಾವ ಕಳ್ಳ ಕೊಲೆ ಮಾಡುತ್ತಾನೆ?"

ಮೆಟ್ಟಿಲಿನಿಂದ ಒಂದು ಉಸಿರು ಕೇಳಿಸಿತು. ಮರಗಮ್ಮ ಎದ್ದು ಬಾಗಿಲ ಚೌಕಟ್ಟು ಹಿಡಿದಿದ್ದಳು.

"ಮತ್ತ ಬದಲ್ ಮಾಡಿದವರು ಯಾರು?" ಎಂದ ಬಿರಾಜದಾರ.

ಉಪಾಧ್ಯರು ಮಯೂರನ ಕಡೆ ತಿರುಗಿದರು. "ಖಡ್ಗಗಳನ್ನಿಡುವ ಈ ಕಪಾಟಿಗೆ ಬೀಗದ ಕೈ ಎಷ್ಟು?"

ಮಯೂರ್ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಕನ್ನಡ ಅವನಿಗೆ ತಿಳಿಯುತ್ತಿತ್ತು, ಆದರೆ ಬಾಯಿಗೆ ಬರುತ್ತಿರಲಿಲ್ಲ. "ದೋ. ಏಕ್ ಮಾಮಾ ಕೆ ಪಾಸ್, ಏಕ್ ಮೇರೆ ಪಾಸ್."

"ಶಂಕ್ರೆಪ್ಪನ ಹತ್ತಿರ?"

"ಉಸ್‌ಕೋ ಕೌನ್ ದೇಗಾ, ಅಂಕಲ್? ಝಾಡೂವಾಲೇ ಕೋ ತಿಜೋರಿ?"

"ಅಲಗು ಬದಲಿಸಬೇಕಾದರೆ ಹಿಡಿಯೊಳಗಿನ ಅರಗು ಕರಗಿಸಿ, ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ, ಆರಲು ಬಿಡಬೇಕು. ಎರಡು ದಿನದ ಕೆಲಸ. ಉಮಾವತಿಯಮ್ಮ, ಶಂಕ್ರೆಪ್ಪ ಇಲ್ಲಿ ಎಷ್ಟು ಹೊತ್ತು ಇರುತ್ತಿದ್ದ?"

"ಎರಡು ಗಂಟೆ. ನಾನೇ ಎದುರು ಕೂತಿರ್ತಿದ್ದೆ. ಬೆಳ್ಳಿ ಉಂಟಲ್ಲ ಅದ್ರಲ್ಲಿ? ಇಂಥವರನ್ನು ನಂಬ್ಲಿಕ್ಕೆ ಆಗ್ತದಾ? ಹೋಗುವಾಗ ಚೀಲ ಸಹ ಕೊಡವಿಸಿ ನೋಡ್ತಿದ್ದೆ."

ಅವಳ ಅಪನಂಬಿಕೆಯೇ ಶಂಕ್ರೆಪ್ಪನಿಗೆ ಸಾಕ್ಷಿಯಾಯಿತು. ಅದು ಅವಳಿಗೆ ತಿಳಿಯಲಿಲ್ಲ.

"ಖಡ್ಗ ಈ ಮನೆಯಿಂದ ಹೊರಗೆ ಹೋದದ್ದುಂಟೇ?"

"ಈ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ಒಮ್ಮೆ. ವಾಶಿಯಲ್ಲಿ ಎಂತದೋ ಎಕ್ಸಿಬಿಷನ್ ಅಂತ ಇವನೇ ಕೊಂಡುಹೋದದ್ದು. ನಾಲ್ಕು ದಿನ ಆಯ್ತು ತರ್ಲಿಕ್ಕೆ."

"ಮಾಮಿ!"

"ಎಂತ ಮಾಮಿ? ಸುಳ್ಳಾ ನಾನು ಹೇಳುದು? ನಿನ್ನ ಮಾವ ಮೂರು ಸಲ ಫೋನ್ ಮಾಡಿದ್ರು ನಿಂಗೆ!"

ಪಂಚರಲ್ಲೊಬ್ಬ ಚಹಾದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ. ಬಿರಾಜದಾರ ಕುರ್ಚಿಯನ್ನು ಮಯೂರನ ಎದುರಿಗೆ ಎಳೆದುಕೊಂಡ.

"ಯಾವ ಎಕ್ಸಿಬಿಷನ್? ಚಿಟ್ಟಿ ಐತೇನು? ಫೋಟೋ?"

"ಮಿಲೇಗಾ, ಸರ್. ಸಬ್ ಮಿಲೇಗಾ."

"ನಾಲ್ಕು ದಿನಗಳಲ್ಲಿ ಎರಡು ದಿನ ಎಲ್ಲಿತ್ತು?" ಎಂದು ಉಪಾಧ್ಯರು ಕೇಳಿದರು. ಮುಂದುವರಿಯುವ ಅಗತ್ಯವಿರಲಿಲ್ಲ, ಆದರೂ ಮುಂದುವರಿದರು. "ಮಾವನ ಅನ್ನ ತಿಂದು ಬೆಳೆದೆ. ಮುಂದೆ ಈ ಹೋಟೆಲೂ ನಿನ್ನದೇ ಎಂದು ಅವರು ಎಲ್ಲರ ಎದುರು ಹೇಳುತ್ತಿದ್ದರು. ಅಷ್ಟು ಕಾಯುವ ತಾಳ್ಮೆಯೂ ನಿನಗೆ ಇರಲಿಲ್ಲ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ನೀನು ಎಣಿಸಿದ್ದಷ್ಟೇ ಅಲ್ಲ, ಇಳಿಸಿ ಮಾರಿದೆ."

ಮಯೂರನ ಮುಖ ಕೆಂಪೇರಿತು. ಆಮೇಲೆ ಉಪಾಧ್ಯರು ನಿರೀಕ್ಷಿಸದ ಒಂದು ಕೆಲಸ ಮಾಡಿದ. ನಕ್ಕ.

"ಠೀಕ್ ಹೈ, ಅಂಕಲ್. ಇತನಾ ಬೋಲಾ, ತೋ ಖೋಲ್ ಕೆ ದೇಖೋ ನಾ. ಹ್ಯಾಂಡಲ್ ಕೆ ಅಂದರ್ ದೇಖೋ, ಕಿಸ್‌ಕಾ ಮಾಲ್ ಹೈ."

ಅವನು ಬೇಕೆಂದೇ ತಾಗುವಲ್ಲಿ ತಾಗಿಸಿದ್ದ. ಖಡ್ಗದ ಜಾತಕ ಹಿಡಿಯೊಳಗೆ ಇರುತ್ತದೆ ಎಂದು ಈ ಕೋಣೆಯಲ್ಲಿ ಸಾರಿದವರು ಉಪಾಧ್ಯರೇ. ದೇಜಪ್ಪ ಒಮ್ಮೆ ಜಪಾನಿ ಖಡ್ಗವೊಂದನ್ನು ತಂದು, ನಾನೂರು ವರ್ಷ ಹಳೆಯದೆಂದು ನೆಂಟರನ್ನು ಕರೆದು ಊಟ ಹಾಕಿಸಿದ್ದ. ಉಪಾಧ್ಯರು ಊಟದ ನಡುವೆಯೇ ಹಿಡಿಯ ಬಿದಿರಿನ ಮೊಳೆ ಕಿತ್ತು, ಒಳಗೆ ಅಡಗಿದ್ದ ಅಲಗಿನ ಬಾಲವನ್ನು ಹೊರಗೆಳೆದರು. ಅಲ್ಲಿನ ತುಕ್ಕು ಉಗುರಿಗೆ ಬಂದಿತು. ಬಣ್ಣ ಬಳಿದ ತುಕ್ಕು. "ಹೊರಗಿನದನ್ನು ಎಲ್ಲರೂ ಶೃಂಗರಿಸುತ್ತಾರೆ, ಶೆಟ್ಟರೆ. ಯಾರೂ ನೋಡದ ಜಾಗದಲ್ಲಿ ಏನಿದೆ ಎಂಬುದೇ ವಂಶ," ಎಂದಿದ್ದರು. ದೇಜಪ್ಪ ಆ ದಿನ ಅನ್ನ ಬಿಟ್ಟು ಎದ್ದಿದ್ದ. ಬಡಿಸುತ್ತಿದ್ದ ಮಯೂರ್ ಅದನ್ನು ನೋಡಿದ್ದ.

"ಬಿಚ್ಚೋಣ," ಎಂದರು ಉಪಾಧ್ಯರು. "ಕೆಳಗೆ ಹೇಳಿ, ಬಾಣಲೆಯಲ್ಲಿ ಎರಡು ಕಿಲೋ ಕಲ್ಲುಪ್ಪು ಹುರಿದು ತರಲಿ. ಬಿಸಿಗೆ ಅರಗು ಬಿಡುತ್ತದೆ."

"ಬಿಚ್ಚಬ್ಯಾಡ್ರಿ, ಸರ್."

ಹನ್ನೆರಡು ದಿನಗಳಿಂದ 'ನಾನು ಮಾಡಿಲ್ರಿ' ಎಂಬ ಎರಡು ಮಾತು ಬಿಟ್ಟು ಬೇರೇನೂ ಆಡದಿದ್ದ ಶಂಕ್ರೆಪ್ಪ ಮಾತಾಡಿದ್ದ.

ಎಲ್ಲರೂ ತಿರುಗಿದರು.

"ಯಾಕಲೇ?" ಎಂದ ಬಿರಾಜದಾರ.

"ಅಲಗು ನಕಲಿ ಅಂತ ಗೊತ್ತಾತಲ್ರಿ. ಅಷ್ಟ ಸಾಕು. ಸರ್, ನಿಮ್ಮ ಕಾಲಿಗಿ ಬೀಳ್ತೀನಿ, ಬಿಚ್ಚಬ್ಯಾಡ್ರಿ."

"ಬಾಯಿ ಮುಚ್ಚೋ!" ಮರಗಮ್ಮ ಹೊಸ್ತಿಲು ದಾಟಿ ಒಳಗೆ ಬಂದಿದ್ದಳು. ಉಮಾವತಿ ಸೆರಗು ಎಳೆದುಕೊಂಡು ಸರಿದಳು. "ಬಿಚ್ರಿ ಯಪ್ಪಾ. ಇಂವಗ ಬುದ್ಧಿ ಕೆಟ್ಟೈತಿ, ಹೊಡೆತ ತಿಂದು ತಿಂದು. ಒಳಗ ಖರೇ ಇರೋದು ಹೊರಗ ಬರಲಿ. ಐದ ವರ್ಷದ ಹಿಂದ ಇಂವನ್ನ ಕೆಲಸದಿಂದ ತಗದಾಗ ನಿಮ್ಮ ಬಿಲ್ಡಿಂಗಿನ ಗೇಟಿನ ಮುಂದ ಮೂರ ದಿನ ಕುಂತಿದ್ನಿ. ನಿಮ್ಮ ಮಗಳು ಬಂದು ನೀರು ಕೊಟ್ಳು, ಚಪಾತಿ ಕೊಟ್ಳು. ನೀವು ಬರಲಿಲ್ಲ. ಇವತ್ತರೆ ನನ್ನ ಮಾತು ಕೇಳ್ರಿ. ಬಿಚ್ರಿ!"

ಉಪಾಧ್ಯರಿಗೆ ಆ ಮೂರು ದಿನಗಳು ನೆನಪಿದ್ದವು. ಶಂಕ್ರೆಪ್ಪ ಆಗ ಅವರದೇ ಕಾರ್ಖಾನೆಯಲ್ಲಿದ್ದ. ಅಲ್ಲಿಂದ ಭಿವಂಡಿಗೆ ಕಳುಹಿಸಿದ ಒಂದು ಅಲಗು ಮುರಿದಿತ್ತು. ಅದರ ಮೇಲೆ ಶಂಕ್ರೆಪ್ಪನ ಸಂಖ್ಯೆ ಇತ್ತು. ಮುರಿದದ್ದು ಉಕ್ಕು ಕಾಯಿಸಿದ ಹದ ತಪ್ಪಿದ ಕಾರಣಕ್ಕೆ, ಸಾಣೆಯ ತಪ್ಪಿನಿಂದಲ್ಲ ಎಂದು ತಿಂಗಳಾದ ಮೇಲೆ ಅವರಿಗೆ ತಿಳಿಯಿತು. ತಪ್ಪು ಶಂಕ್ರೆಪ್ಪನದೆಂದು ತಾವು ಬರೆದುಕೊಟ್ಟಿದ್ದ ಹೇಳಿಕೆಯನ್ನು ತಿದ್ದಲು ಅವರು ಹೋಗಲಿಲ್ಲ. ಮೂರನೆಯ ಮಹಡಿಯ ಕಿಟಕಿಯಿಂದ ಹೆಂಗಸು ಎದ್ದುಹೋಗುವುದನ್ನು ನೋಡಿ ಪರದೆ ಎಳೆದಿದ್ದರು.

ಆ ಬಾಕಿಯನ್ನು ಇಂದು ತೀರಿಸಬಹುದು ಎಂದು ಅವರಿಗೆ ಅನಿಸಿತು.

ಉಪ್ಪು ಬಂತು. ಚಟಪಟ ಸಿಡಿಯುತ್ತಿದ್ದ ಬಾಣಲೆಯಲ್ಲಿ ಹಿಡಿಯನ್ನು ಹೂತರು. ಹತ್ತು ನಿಮಿಷ ಕಾದರು. ಅಂಚೆಕಚೇರಿಯ ಮೊಹರಿನ ವಾಸನೆ ಮೆಲ್ಲಗೆ ಎದ್ದು ಕೋಣೆಯನ್ನು ತುಂಬಿತು. ಶಂಕ್ರೆಪ್ಪ ಕಣ್ಣು ಮುಚ್ಚಿದ. ಮರಗಮ್ಮ ಎರಡೂ ಕೈ ಜೋಡಿಸಿ ಬಾಣಲೆಯನ್ನೇ ದೇವರೆಂಬಂತೆ ನೋಡುತ್ತಿದ್ದಳು.

ಉಪಾಧ್ಯರು ದಪ್ಪ ಬಟ್ಟೆಯಲ್ಲಿ ಹಿಡಿಯನ್ನು ಬಿಗಿಹಿಡಿದು ಎಳೆದರು. ಅರಗು ಎಳೆಯೆಳೆಯಾಗಿ ಬಿಟ್ಟುಕೊಟ್ಟಿತು. ಅಲಗು ಕಳಚಿತು. ಅದರ ಬಾಲ ಗೇಣಿಗಿಂತ ಚಿಕ್ಕದು, ಅರಗಿನ ಕಂದು ಪದರ ಮೆತ್ತಿಕೊಂಡಿತ್ತು. ಅವರು ಚಾಕುವಿನ ಬೆನ್ನಿನಿಂದ ಕೆರೆದರು.

ಮೊದಲು ಎರಡರ ಅಂಕೆ ಕಾಣಿಸಿತು. ಅದರ ಪಕ್ಕದಲ್ಲಿ ಏಳರದು.

ಇಪ್ಪತ್ತೇಳು.

ಅವರ ಕೈ ನಿಂತಿತು. ಆ ಸಂಖ್ಯೆಗೆ ಮುಖವಿತ್ತು. ರಬಾಳೆಯ ಸಾಣೆ ವಿಭಾಗದಲ್ಲಿ ಹದಿನಾಲ್ಕು ವರ್ಷ ಇಪ್ಪತ್ತೇಳು ಎಂದರೆ ಒಬ್ಬನೇ.

"ಏನ್ರಿ ಅದು, ನಂಬರಾ?" ಬಿರಾಜದಾರ ಬಗ್ಗಿ ನೋಡಿದ. "ಯಾರದು?"

ಉತ್ತರ ಕೊಟ್ಟವನು ಶಂಕ್ರೆಪ್ಪ. "ನಂದ್ರಿ. ಅಲಗು ನಾನ ಮಾಡೀನಿ. ಖೂನ್ ಮಾಡಿಲ್ಲ."

ಬಿರಾಜದಾರ ಬಿದ್ದು ಬಿದ್ದು ನಕ್ಕ.

"ಲೇ ಖೋಡಿ, ಕಳ್ಳಮಾಲಿಗೆ ಯಾವನರೆ ತನ್ನ ನಂಬರ್ ಹೊಡೀತಾನೇನೋ? ಪೊಲೀಸರಿಗೆ ಚಿಟ್ಟಿ ಬರದಿಟ್ಟಂಗ!"

"ಹದಿನಾಕ ವರ್ಷ ಹೊಡದೀನ್ರಿ. ನಂಬರ್ ಇಲ್ಲದ ಮಾಲು ಅಪ್ಪ ಇಲ್ಲದ ಕೂಸು ಅಂತಿದ್ರು, ಸರ್. ನಂಬರ್ ಮರತವರನ್ನ ದಿನಾ ಬಿಸಿಲಾಗ ನಿಲ್ಲಸ್ತಿದ್ರು. ಕೈ ಕೇಳಲಿಲ್ರಿ. ಅರಗಿನಾಗ ಮುಚ್ಚಿ ಹೊಕ್ಕೈತಿ, ಯಾರು ನೋಡ್ತಾರ ಅನಕೊಂಡ್ನಿ."

ಆ ಮಾತು ಉಪಾಧ್ಯರದೇ. ಅಕ್ಷರ ಕೂಡ ಬದಲಾಗಿರಲಿಲ್ಲ.

"ಮುಗೀತು," ಎಂದ ಬಿರಾಜದಾರ. ಲೇಖನಿಯ ಟೋಪಿ ಹಲ್ಲಿನಲ್ಲಿ ಕಚ್ಚಿ ಬರೆಯತೊಡಗಿದ. "ಇಂವಾ ನಕಲಿ ಮಾಡ್ಯಾನ, ಅಸಲಿ ಮಾರ್ಯಾನ, ಶೆಟ್ರಿಗೆ ಗೊತ್ತಾಗೇತಿ, ಕಡದಾನ. ಮೊದಲಿದ್ದ ಕಾರಣಕ್ಕಿಂತ ಇದು ಗಟ್ಟಿ ಆತು. ಉಪಾಧ್ಯರ, ನಿಮ್ಮ ಉಪಕಾರ ಮರಿಯೂದಿಲ್ಲ."

ಮರಗಮ್ಮ ಅಳಲಿಲ್ಲ. ತನ್ನ ಎರಡು ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು. 'ಬಿಚ್ರಿ' ಎಂದು ಜೋಡಿಸಿದ ಕೈಗಳು ಅವು. ಮತ್ತೆ ಮೆಲ್ಲನೆ, ಲೆಕ್ಕ ಹಿಡಿದಂತೆ, ಅವುಗಳಿಂದ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳತೊಡಗಿದಳು. ಒಂದು. ಎರಡು. ಮೂರು. ಯಾರೂ ತಡೆಯಲಿಲ್ಲ.

"ಅದನ್ನು ಹೊರಗೆ ಮಾಡ್ಲಿಕ್ಕೆ ಹೇಳಿ," ಎಂದಳು ಉಮಾವತಿ.

"ಯಾರು ಮಾಡಿಸಿದರು, ಶಂಕ್ರೆಪ್ಪ?" ಎಂದು ಕೇಳಿದರು ಉಪಾಧ್ಯರು. "ಕಪಾಟಿನ ಕೀಲಿ ನಿನ್ನಲ್ಲಿರಲಿಲ್ಲ. ಹಳೆಯ ಖಡ್ಗ ತಂದುಕೊಟ್ಟವರು ಯಾರು? ಹೆಸರು ಹೇಳು. ಹೇಳಿದರೆ ಇನ್ನೂ ದಾರಿಯಿದೆ."

ಶಂಕ್ರೆಪ್ಪ ಮಯೂರನನ್ನು ನೋಡಲಿಲ್ಲ. ಉಪಾಧ್ಯರನ್ನು ನೋಡಿದ. ಅವನ ನೋಟದಲ್ಲಿ ಸ್ವಂತದ ಭಯ ಇರಲಿಲ್ಲ. ಎದುರಿನವನ ಮೇಲಿನ ಕನಿಕರವಿತ್ತು. ಕನಿಕರವನ್ನು ಉಪಾಧ್ಯರು ಈ ಮನುಷ್ಯನಿಂದ ಎಂದೂ ಪಡೆದಿರಲಿಲ್ಲ.

"ಮಾಲು ತಿರುವಬ್ಯಾಡ್ರಿ, ಸರ್," ಎಂದ ಅವನು, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ತಿರುವುವ ಅಗತ್ಯ ಬರಲಿಲ್ಲ. ಮೂವತ್ತೊಂದು ವರ್ಷಗಳ ಅಭ್ಯಾಸದಿಂದ ಉಪಾಧ್ಯರ ಹೆಬ್ಬೆರಳು ಆಗಲೇ ಅಲಗಿನ ಬಾಲದ ಇನ್ನೊಂದು ಬದಿಗೆ ಸರಿದಿತ್ತು. ಕಾರ್ಖಾನೆಯ ನಿಯಮ ಎರಡು ಭಾಗದ್ದು: ಒಂದು ಬದಿಗೆ ಮಾಡಿದವನ ಸಂಖ್ಯೆ, ಇನ್ನೊಂದು ಬದಿಗೆ ಪಾಸು ಮಾಡಿದವನ ಮುದ್ರೆ. ಮುದ್ರೆ ಬೀಳದ ಮಾಲು ಶಂಕ್ರೆಪ್ಪನ ಕೈಯಿಂದ ಹೊರಗೆ ಹೋಗುತ್ತಿರಲಿಲ್ಲ.

ಅರಗಿನ ತೆಳುಪದರದ ಕೆಳಗೆ ಬೆರಳಿಗೆ ಮೂರು ಅಂಚುಗಳು ತಾಗಿದವು. ತ್ರಿಕೋನ. ಅದರ ನಡುವೆ ಒಂಬತ್ತರ ಅಂಕೆ.

ಅವರದೇ ಮುದ್ರೆ.

ಅಂಥ ಉಳಿ ಲೋಕದಲ್ಲಿ ಒಂದೇ ಇತ್ತು. ಅದು ಐರೋಲಿಯ ಮನೆಯ ದೇವರ ಗೂಡಿನಲ್ಲಿ, ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಅದರ ಜಾಗ ಬಲ್ಲವರು ಇಬ್ಬರೇ. ಒಬ್ಬರು ಈ ಕೋಣೆಯಲ್ಲಿ ನಿಂತಿದ್ದರು.

ಉಕ್ಕು ಇನ್ನೂ ಬಿಸಿಯಾಗಿತ್ತು. ಬಟ್ಟೆ ಜಾರಿ ಹೆಬ್ಬೆರಳಿನ ಬರಿಯ ಚರ್ಮ ಅದರ ಮೇಲಿತ್ತು. ಅವರು ಬೆರಳು ತೆಗೆಯಲಿಲ್ಲ.

ಶಂಕ್ರೆಪ್ಪ ತುಟಿಯಲ್ಲೇ ಹೇಳಿದ: "ಪಾಸ್ ಮಾಡಿಸಾಕ ಮನಿಗಿ ಒಯ್ದಿದ್ನಿ. ನೀವು ಊರಿಗಿ ಹೋಗಿದ್ರಿ. ನಿಮ್ಮ ಮಗಳು, ಅವ್ವಾರು, ಬಾಗಲಾ ತಗದು ಉಳಿ ತಂದಕೊಟ್ರು."

"ಏನ್ ಗುಸುಗುಸು ಅದು?" ಎಂದ ಬಿರಾಜದಾರ ಬರೆಯುತ್ತಲೇ.

"ಅಂಕಲ್," ಎಂದ ಮಯೂರ್. ಮನೆಯಲ್ಲಿ ಮಗಳು ಇಂದು ಒಬ್ಬಳೇ ಇದ್ದಾಳೆಯೇ ಎಂದು ಕೇಳುವಾಗ ಅವನ ಸ್ವರ ಬಹಳ ಮೃದುವಾಗಿತ್ತು. "ಪ್ರಣೀತಾ ಘರ್ ಪೆ ಅಕೇಲೀ ಹೈ ಕ್ಯಾ ಆಜ್?"

ಉಪಾಧ್ಯರು ಜೀವನದಲ್ಲಿ ಅನೇಕರನ್ನು ಲೆಕ್ಕದಿಂದ ಹೊಡೆದಿದ್ದರು. ಲೆಕ್ಕ ತಿರುಗಿ ಹೊಡೆಯುವಾಗ ಹೀಗೆ ಸದ್ದೇ ಆಗುವುದಿಲ್ಲವೆಂದು ಅವರಿಗೆ ತಿಳಿದಿರಲಿಲ್ಲ. ಮುದ್ರೆ ತೋರಿಸಿದರೆ ಶಂಕ್ರೆಪ್ಪ ಒಬ್ಬನೇ ಅಲ್ಲವೆಂದು ಸಾಬೀತಾಗುತ್ತದೆ. ಅವನ ಪಕ್ಕದಲ್ಲಿ ನಿಲ್ಲಬೇಕಾದವಳು ಪ್ರಣೀತಾ. ಮುಚ್ಚಿದರೆ ಇಪ್ಪತ್ತೇಳು ಒಬ್ಬನೇ ಸಾಕು. ಎರಡೂ ಬದಿ ಒಂದೇ ಅಲಗಿನವು.

ಕೋಣೆಯಲ್ಲಿ ಅರಗಿನ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಸೇರಿತು. ಉಮಾವತಿ ಮೂಗಿಗೆ ಸೆರಗು ಹಿಡಿದಳು. "ಎಂತದು ಸುಟ್ಟದ್ದು?"

ಬಿರಾಜದಾರ ತಲೆಯೆತ್ತಿದ. "ಉಪಾಧ್ಯರ! ಬೆರಳು ಸುಡಾಕತ್ತೈತಿ, ಬಿಡ್ರಿ!"

"ಇನ್ನೊಂದು ಬದಿಯಲ್ಲಿ ಏನೂ ಇಲ್ಲ," ಎಂದರು ಉಪಾಧ್ಯರು.

ಯಾರೂ ಕೇಳಿರದ ಪ್ರಶ್ನೆಗೆ ಬಂದ ಉತ್ತರ ಅದು. ಹೇಳಿದ ಕೂಡಲೇ ಅವರಿಗೆ ತಪ್ಪು ತಿಳಿಯಿತು.

ಬಿರಾಜದಾರ ಲೇಖನಿ ಇಟ್ಟ. ಎದ್ದು ಬಂದ. ಅವನು ಉಕ್ಕಿಗೆ ಕೈ ಹಾಕಲಿಲ್ಲ. ಮುದುಕರ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ಉಕ್ಕಿನಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ತಿರುಗಿಸಿದ. ಕೆಂಪಗೆ ಉಬ್ಬಿದ ಚರ್ಮದ ನಡುವೆ ಅಚ್ಚುಕಟ್ಟಾದ ಬಿಳಿಯ ತ್ರಿಕೋನವೊಂದು ಮೂಡಿತ್ತು.

"ಇದು ಯಾರ ಗುರುತ್ರಿ?"

ಉಪಾಧ್ಯರು ಬಾಯಿ ತೆರೆದರು. ಅವರಿಗಿಂತ ಮುಂಚೆ ಬೇಡಿಯ ಸರಪಳಿ ಸದ್ದು ಮಾಡಿತು.

"ಅದೂ ನಾನ ಹೊಡದದ್ರಿ," ಎಂದ ಶಂಕ್ರೆಪ್ಪ. "ಖೊಟ್ಟಿ ಮುದ್ರಿ ಮಾಡಿಕೊಂಡಿದ್ನಿ. ಬರಕೊಳ್ರಿ."

ಮರಗಮ್ಮನ ಕೈ ಬಾಯಿಯ ಮೇಲೆಯೇ ನಿಂತಿತು. ಅವಳು ಗಂಡನನ್ನು ನೋಡಿದಳು, ಆಮೇಲೆ ಮುದುಕರ ಹೆಬ್ಬೆರಳನ್ನು ನೋಡಿದಳು. ಲೆಕ್ಕ ಬಾರದ ಆ ಹೆಂಗಸು ಎರಡನ್ನೂ ಕೂಡಿಸುತ್ತಿದ್ದಳು.

"ಖರೇನ್ರಿ, ಉಪಾಧ್ಯರ?" ಬಿರಾಜದಾರ ಮಣಿಕಟ್ಟು ಬಿಡದೆ ಕೇಳಿದ. "ಇಂವಾ ಹೇಳೂದು ಬರೋಬರ್ ಐತಿ? ಹೌದು ಅಂದ್ರ ಹಾಳಿ ಮ್ಯಾಲೆ ಸಹಿ ಹಾಕ್ರಿ."

ಹಾಳೆ ಮೇಜಿನ ಮೇಲಿತ್ತು. ಲೇಖನಿ ಅದರ ಪಕ್ಕದಲ್ಲಿತ್ತು. ಐದು ವರ್ಷಗಳ ಹಿಂದೆಯೂ ಹೀಗೆಯೇ ಒಂದು ಹಾಳೆ, ಹೀಗೆಯೇ ಒಂದು ಸಂಖ್ಯೆ.

ಉಪಾಧ್ಯರು ಸುಟ್ಟ ಕೈಯನ್ನು ಲೇಖನಿಯತ್ತ ಚಾಚಿದರು. ಚಾಚುತ್ತಾ, ನಗುತ್ತಿರಬಹುದಾದ ಮುಖವೊಂದನ್ನು ನೋಡಲು ಕಿಟಕಿಯ ಕಡೆ ತಿರುಗಿದರು.

ಮಯೂರನ ಕುರ್ಚಿ ಖಾಲಿಯಾಗಿತ್ತು. ಕೆಳಗೆ, ರಸ್ತೆಯಲ್ಲಿ, ಅವನ ಬೈಕು ಪ್ರಣೀತಾ ಇದ್ದ ಐರೋಲಿಯ ದಿಕ್ಕಿಗೆ ತಿರುಗುತ್ತಿತ್ತು.